ಸುಗ್ಗಿಯೂಟದ ಎಲೆ: ಸಂಕ್ರಾಂತಿಯ ಹುಗ್ಗಿ, ಸಜ್ಜೆರೊಟ್ಟಿ ಮತ್ತು ಎಳ್ಳುಬೆಲ್ಲಗಳ ಇತಿಹಾಸ

ಮಕರ ಸಂಕ್ರಾಂತಿಯನ್ನು ಕನ್ನಡಿಗರ ಸುಗ್ಗಿಯ ಹಬ್ಬವೆಂದು ಕರೆಯುವುದು ವಾಡಿಕೆಯಾಗಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲಸಿರುವ ಕನ್ನಡ ಕುಟುಂಬಗಳಲ್ಲಿಯೂ ಆ ದಿನ ಹುಗ್ಗಿ ಬೇಯುತ್ತದೆ, ಎಳ್ಳುಬೆಲ್ಲ ಬೀರಲ್ಪಡುತ್ತದೆ. ಆದರೆ 'ಸುಗ್ಗಿಯ ಹಬ್ಬ' ಎಂಬ ಮಾತಿನೊಳಗೆ ಮೂರು ಪ್ರಶ್ನೆಗಳು ಅಡಗಿವೆ. ಯಾವ ಬೆಳೆಯ ಸುಗ್ಗಿ? ಯಾವ ಸೀಮೆಯ ಸುಗ್ಗಿ? ಆ ಸುಗ್ಗಿಯ ಊಟಕ್ಕೆ ಕುಳಿತವರು ಯಾರು? ಈ ಪ್ರಶ್ನೆಗಳಿಗೆ ಉತ್ತರವನ್ನು ಶಾಸನ, ಕಾವ್ಯಗಳಲ್ಲಿ ಹುಡುಕುವಂತೆಯೇ ಎಲೆಯ ಮೇಲೆ ಬಡಿಸಿದ ಪದಾರ್ಥಗಳಲ್ಲಿಯೂ ಹುಡುಕಬಹುದೆಂಬುದು ನಮ್ಮ ನಿಲುವು. ಊಟದ ಎಲೆಯೂ ಒಂದು ದಾಖಲೆಯೇ. ಅದರಲ್ಲಿ ಹಳೆಯ ಪದರಗಳಿವೆ, ಹೊಸ ಪದರಗಳಿವೆ. ಕೆಲವು ಖಾಲಿ ಜಾಗಗಳೂ ಇವೆ.

ಮೊದಲು ದಿನದ ವಿಚಾರ. ಕಲ್ಯಾಣದ ಚಾಳುಕ್ಯರ, ಹೊಯ್ಸಳರ, ಸೇವುಣರ ಕಾಲದ ಕನ್ನಡ ಶಾಸನಗಳಲ್ಲಿ ಉತ್ತರಾಯಣ ಸಂಕ್ರಮಣದ ಉಲ್ಲೇಖಗಳು ಹೇರಳವಾಗಿವೆ. ಆದರೆ ಅಲ್ಲಿ ಅದು ದಾನದ ಪುಣ್ಯಕಾಲ. ದೇಗುಲದ ಅಂಗಭೋಗ, ರಂಗಭೋಗ, ನೈವೇದ್ಯಗಳಿಗೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ತಪೋಧನರ ಆಹಾರದಾನಕ್ಕೆ ಭೂಮಿಯನ್ನು ಧಾರೆಯೆರೆದು ಕೊಟ್ಟ ಸಂದರ್ಭವಾಗಿ ಸಂಕ್ರಮಣ ಉಲ್ಲೇಖಗೊಳ್ಳುತ್ತದೆ. ಒಕ್ಕಲಿನ ಮನೆಯಲ್ಲಿ ಆ ದಿನ ಏನು ಬೆಂದಿತೆಂಬುದನ್ನು ಹೇಳುವುದು ಶಾಸನದ ಉದ್ದೇಶವಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಈಗ ಸಂಕ್ರಾಂತಿ ಜನವರಿ 14 ಅಥವಾ 15ರಂದು ಬರುತ್ತದೆ. 12ನೆಯ ಶತಮಾನದ ಶಾಸನಗಳ ಸಂಕ್ರಮಣವು ಆ ಕಾಲದ ಜೂಲಿಯನ್ ಲೆಕ್ಕದಲ್ಲಿ ಡಿಸೆಂಬರ್ 24 ಅಥವಾ 25ಕ್ಕೆ, ಅಂದರೆ ಋತುಮಾನದ ದೃಷ್ಟಿಯಿಂದ ಇಂದಿನ ಡಿಸೆಂಬರ್ ತಿಂಗಳ ಕೊನೆಯ ದಿನಗಳಿಗೆ ಸರಿಹೊಂದುತ್ತದೆ. ಸೂರ್ಯನ ಮಕರ ಪ್ರವೇಶವೂ ನಿಜವಾದ ಉತ್ತರಾಯಣಾರಂಭವೂ ಒಂದೇ ದಿನಕ್ಕೆ ಕೂಡುತ್ತಿದ್ದುದು ಸುಮಾರು 1700 ವರ್ಷಗಳ ಹಿಂದೆ. ಅಯನಚಲನೆಯಿಂದ ಹಬ್ಬವು ನಿಧಾನವಾಗಿ ಮುಂದೆ ಸರಿಯುತ್ತಿದೆ; ಬೆಳೆಯ ಋತು ಸರಿಯುವುದಿಲ್ಲ. ಆದುದರಿಂದ ಸಂಕ್ರಾಂತಿಯ ದಿನವನ್ನು ನಿಶ್ಚಯಿಸುವುದು ಹೊಲವಲ್ಲ, ಪಂಚಾಂಗ.

ಇದಕ್ಕೆ ಭಿನ್ನವಾಗಿ, ಕನ್ನಡ ನಾಡಿನ ಪಶ್ಚಿಮ ಭಾಗದಲ್ಲಿ ಹೊಸ ತೆನೆಯೇ ಹಬ್ಬದ ಕೇಂದ್ರವಾಗಿರುವ ಆಚರಣೆಗಳಿವೆ. ಕರಾವಳಿಯಲ್ಲಿ ಮುಂಗಾರಿನ ಭತ್ತ ಬೇಗನೆ ತೆನೆಗಟ್ಟುತ್ತದೆ. ಮಂಗಳೂರು ಸೀಮೆಯ ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಹಬ್ಬದಲ್ಲಿ ಹೊಸ ತೆನೆಗಳನ್ನು ಇಗರ್ಜಿಯಿಂದ ಮನೆಗೆ ತಂದು, ಅದರ ಕಾಳುಗಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ, ಮನೆಮಂದಿಯೆಲ್ಲ ಸೇರಿ ಸಸ್ಯಾಹಾರದ ಊಟ ಮಾಡುತ್ತಾರೆ. ತುಳುನಾಡಿನ ಹಿಂದೂ ಮನೆತನಗಳಲ್ಲಿ ತೆನೆ ಕಟ್ಟುವ, ಹೊಸ ಅಕ್ಕಿಯೂಟದ ಸಂಪ್ರದಾಯವಿದೆ. ಮಲೆನಾಡಿನಲ್ಲಿ ಇದಕ್ಕೆ ಹೊಸ್ತು ಎಂಬ ಹೆಸರು. ಕೊಡಗಿನ ಪುತ್ತರಿ ನವೆಂಬರ್-ಡಿಸೆಂಬರ್‌ನ ಹುಣ್ಣಿಮೆಯ ಆಸುಪಾಸಿಗೆ ಬರುತ್ತದೆ. ರಾತ್ರಿ ಗದ್ದೆಗೆ ಹೋಗಿ ಕದಿರು ತೆಗೆದು, ಹೊಸ ಅಕ್ಕಿಯ ಪಾಯಸವನ್ನೂ ಬಾಳೆಹಣ್ಣಿನೊಡನೆ ಹುರಿದ ಅಕ್ಕಿಹಿಟ್ಟನ್ನು ಕಲಸಿದ ತಂಬುಟ್ಟನ್ನೂ ಉಣ್ಣುತ್ತಾರೆ. ಘಟ್ಟದಿಂದ ಪೂರ್ವಕ್ಕೆ ಬಂದಂತೆ ಕೊಯ್ಲು ತಡವಾಗುತ್ತದೆ, ಹಬ್ಬವೂ ತಡವಾಗುತ್ತದೆ. ಬಯಲುಸೀಮೆಯನ್ನು ತಲಪುವ ಹೊತ್ತಿಗೆ ಸುಗ್ಗಿಯ ಸಂಭ್ರಮವು ಪಂಚಾಂಗದ ಪುಣ್ಯಕಾಲದೊಡನೆ ಸೇರಿಕೊಂಡಿದೆ. ದಾನದ ಪರ್ವವೊಂದು, ಕಣದ ಹಬ್ಬವೊಂದು, ಇವೆರಡೂ ಕೂಡಿ ಇಂದಿನ ಸಂಕ್ರಾಂತಿಯಾಗಿದೆಯೆಂದು ನಾವು ಭಾವಿಸುತ್ತೇವೆ. ಎಳ್ಳು ಮೊದಲನೆಯದರ ಗುರುತು. ಹುಗ್ಗಿ, ಕಬ್ಬು, ಅವರೆ ಎರಡನೆಯದರವು.

ಇನ್ನು ಹುಗ್ಗಿಯ ಮಾತು. ಹಳೆಯ ಮೈಸೂರು ಸೀಮೆಯಲ್ಲಿ ಹುಗ್ಗಿಯೆಂದರೆ ಅಕ್ಕಿ ಮತ್ತು ಹೆಸರುಬೇಳೆಗಳನ್ನು ಕೂಡಿಸಿ ಬೇಯಿಸಿದ ಅಡುಗೆ. ಬೆಲ್ಲ ಬಿದ್ದರೆ ಸಿಹಿ ಹುಗ್ಗಿ. ಮೆಣಸು, ಜೀರಿಗೆ, ಶುಂಠಿ, ತುಪ್ಪಗಳ ಒಗ್ಗರಣೆ ಬಿದ್ದರೆ ಖಾರದ ಹುಗ್ಗಿ. ಖಾರದ ಹುಗ್ಗಿಯ ಜೊತೆಗೆ ಹುಣಿಸೆಯ ಗೊಜ್ಜು. ಉತ್ತರ ಕರ್ನಾಟಕದಲ್ಲಿ ಇದೇ ಶಬ್ದ ಗೋದಿಯನ್ನು ಕುಟ್ಟಿ, ಬೇಯಿಸಿ, ಬೆಲ್ಲ ಸೇರಿಸಿದ ಗೋದಿ ಹುಗ್ಗಿಯನ್ನು ಸೂಚಿಸುತ್ತದೆ. ಒಂದೇ ಹೆಸರು, ಎರಡು ಧಾನ್ಯ. ಆಯಾ ಸೀಮೆಯಲ್ಲಿ ಹಬ್ಬಕ್ಕೆ ತಕ್ಕುದೆಂದು ಮಾನ್ಯವಾದ ಧಾನ್ಯವು ಆ ಹೆಸರನ್ನು ಪಡೆದುಕೊಂಡಿದೆ.

ಅಕ್ಕಿ-ಹೆಸರುಗಳ ಜೋಡಿಯಲ್ಲಿ ಅಕ್ಕಿಗೆ ಅಗ್ರಸ್ಥಾನ ಕೊಡುವುದು ನಮಗೆ ಸಹಜವಾಗಿ ತೋರುತ್ತದೆ. ಪುರಾತತ್ವದ ಸಾಕ್ಷ್ಯ ಬೇರೆಯೇ ಇದೆ. ಬಳ್ಳಾರಿಯ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳ ಅಧ್ಯಯನದಿಂದ, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಭಾಗದ ಜನರ ಮುಖ್ಯ ಬೆಳೆಗಳು ಹೆಸರು, ಹುರುಳಿ ಹಾಗೂ ಕೊರಲೆಯಂತಹ ಕಿರುಧಾನ್ಯಗಳಾಗಿದ್ದುವೆಂದು ತಿಳಿದುಬಂದಿದೆ. ಆಫ್ರಿಕಾ ಮೂಲದ ಸಜ್ಜೆ ಮತ್ತು ಅವರೆಗಳು ಅನಂತರ ಸೇರಿದುವು. ಭತ್ತದ ಬೇಸಾಯ ದಖನ್ನಿನ ಒಳನಾಡಿನಲ್ಲಿ ವ್ಯಾಪಕವಾದುದು ಇನ್ನೂ ತಡವಾಗಿ, ಕಬ್ಬಿಣಯುಗದಿಂದೀಚೆಗೆ. ಆದುದರಿಂದ ಹುಗ್ಗಿಯ ಮಡಕೆಯಲ್ಲಿ ಹೆಸರುಬೇಳೆಯೇ ಈ ನೆಲದ ಹಿರಿಯ; ಅಕ್ಕಿ ಕೆರೆ ಕಾಲುವೆಗಳ ಜೊತೆಯಲ್ಲಿ ಮುಂದೆ ಬಂದ ಪ್ರತಿಷ್ಠಿತ ಅತಿಥಿ.

ಈ ಜೋಡಿ ಕನ್ನಡ ನಾಡಿಗೆ ಮಾತ್ರ ಸೀಮಿತವಾದುದಲ್ಲ. 14ನೆಯ ಶತಮಾನದಲ್ಲಿ ಭಾರತಕ್ಕೆ ಬಂದಿದ್ದ ಇಬ್ನ್ ಬತೂತಾ, ಹೆಸರನ್ನು ಅಕ್ಕಿಯೊಡನೆ ಬೇಯಿಸಿ ತುಪ್ಪ ಹಾಕಿ ತಿನ್ನುವ ಖಿಚಡಿಯನ್ನು ಹೆಸರಿಸಿ ವರ್ಣಿಸಿದ್ದಾನೆ. ಉತ್ತರ ಪ್ರದೇಶ, ಬಿಹಾರಗಳಲ್ಲಿ ಮಕರ ಸಂಕ್ರಾಂತಿಗೇ 'ಖಿಚಡಿ' ಎಂಬ ಹೆಸರಿದೆ. ಅಲ್ಲಿ ಉದ್ದಿನಬೇಳೆ ಬಳಕೆಯಾಗುತ್ತದೆ. ತಮಿಳುನಾಡಿನಲ್ಲಿ ಉಕ್ಕುವ ಕ್ರಿಯೆಯೇ ಅಡುಗೆಗೂ ಹಬ್ಬಕ್ಕೂ ಪೊಂಗಲ್ ಎಂಬ ಹೆಸರನ್ನು ಕೊಟ್ಟಿದೆ. ತಿರುಮಲೆಯ ದೇವಾಲಯದ 15-16ನೆಯ ಶತಮಾನಗಳ ಶಾಸನಗಳಲ್ಲಿ ನೈವೇದ್ಯಕ್ಕಾಗಿ ಅಳತೆ ಮಾಡಿ ಕೊಡಬೇಕಾದ ಪದಾರ್ಥಗಳ ಪಟ್ಟಿಗಳಿವೆ. ಅಕ್ಕಿ, ಹೆಸರುಬೇಳೆ, ತುಪ್ಪ, ಬೆಲ್ಲ, ಮೆಣಸು ಅಲ್ಲಿ ಮತ್ತೆ ಮತ್ತೆ ಬರುತ್ತವೆ. ನಮ್ಮ ಖಾರದ ಹುಗ್ಗಿ ಈ ಪಟ್ಟಿಯಿಂದ ಹೆಚ್ಚು ದೂರ ಸರಿದಿಲ್ಲ.

ಖಾರದ ವಿಷಯದಲ್ಲಿ ಹುಗ್ಗಿಯ ಸಾಕ್ಷ್ಯ ಇನ್ನೂ ಸ್ಪಷ್ಟವಾಗಿದೆ. ಎರಡನೆಯ ಚಾವುಂಡರಾಯನ 'ಲೋಕೋಪಕಾರ'ದಲ್ಲಿ (1025) ಸೂಪಶಾಸ್ತ್ರಕ್ಕೆ ಮೀಸಲಾದ ಭಾಗವಿದೆ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣವು 12ನೆಯ ಶತಮಾನದ ಅರಮನೆಯ ಅಡುಗೆಯನ್ನು ವಿವರಿಸುತ್ತದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ 'ಸೂಪಶಾಸ್ತ್ರ'ವನ್ನು ರಚಿಸಿದನು. ಈ ಪರಂಪರೆಯಲ್ಲಿ ಕಟುರಸಕ್ಕೆ ಮೆಣಸು, ಶುಂಠಿಗಳೇ ಆಧಾರ. ಜೊತೆಗೆ ಇಂಗು, ಜೀರಿಗೆ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಬಂದು ಒಳನಾಡಿಗೆ ಹಬ್ಬಿತು. ಕನ್ನಡ ಭಾಷೆಯೇ ಈ ಆಗಮನವನ್ನು ಬರೆದಿಟ್ಟುಕೊಂಡಿದೆ. ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರಿನಿಂದ 'ಮೆಣಸಿನಕಾಯಿ' ಎಂಬ ಶಬ್ದ ಹುಟ್ಟಿತು. ಕ್ರಮೇಣ ಹಳೆಯ ಮೆಣಸೇ ತನ್ನನ್ನು ಗುರುತಿಸಿಕೊಳ್ಳಲು 'ಕಾಳುಮೆಣಸು', 'ಒಳ್ಳೆಮೆಣಸು' ಎಂಬ ವಿಶೇಷಣಗಳನ್ನು ಹೊರಬೇಕಾಯಿತು. ದಿನನಿತ್ಯದ ಸಾರು, ಪಲ್ಯಗಳೆಲ್ಲ ಮೆಣಸಿನಕಾಯಿಗೆ ಒಲಿದ ಮೇಲೂ ಹಬ್ಬದ ಹುಗ್ಗಿ ಕಾಳುಮೆಣಸನ್ನು ಬಿಟ್ಟುಕೊಡಲಿಲ್ಲ. ನಿತ್ಯದ ಅಡುಗೆ ಬೇಗ ಬದಲಾಗುತ್ತದೆ. ದೇವರ ಮುಂದಿಡುವ ಅಡುಗೆ ತಡವಾಗಿ ಬದಲಾಗುತ್ತದೆ.

ಹಾಗೆಂದು ಸಂಕ್ರಾಂತಿಯ ಎಲೆಯೆಲ್ಲವೂ ಪುರಾತನವಲ್ಲ. ಹಳೆಯ ಮೈಸೂರಿನ ಮನೆಗಳಲ್ಲಿ ಆ ದಿನ ಅವರೆಕಾಯಿ, ಗೆಣಸು, ಕಡಲೆಕಾಯಿಗಳನ್ನು ಬೇಯಿಸಿಡುತ್ತಾರೆ. ಸಿಹಿಗುಂಬಳದ ಪಲ್ಯವೋ ಹುಳಿಯೋ ಇರುತ್ತದೆ. ಇವುಗಳಲ್ಲಿ ಅವರೆಯೊಂದನ್ನು ಬಿಟ್ಟರೆ ಗೆಣಸು, ಕಡಲೆಕಾಯಿ, ಸಿಹಿಗುಂಬಳ ಮೂರೂ ಅಮೆರಿಕ ಖಂಡದ ಮೂಲದವು. ಎಳ್ಳು ಬೀರುವ ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆಗಳ ನಡುವೆ ಕಡಲೆಕಾಯಿ ಬೀಜ ಸೇರಿಕೊಂಡಿರುವುದೂ ಇತ್ತೀಚಿನ ಸಂಗತಿಯೇ. ಕಡಲೆಕಾಯಿ ದಕ್ಷಿಣ ಭಾರತದಲ್ಲಿ ದೊಡ್ಡ ಪ್ರಮಾಣದ ವ್ಯಾಪಾರದ ಬೆಳೆಯಾದುದು 19ನೆಯ ಶತಮಾನದ ಮಧ್ಯಭಾಗದಿಂದ, ಮದ್ರಾಸ್ ಪ್ರಾಂತ್ಯದಿಂದ ಫ್ರಾನ್ಸಿಗೆ ರಫ್ತು ಬೆಳೆದಂತೆ. ಉತ್ತರ ಕರ್ನಾಟಕದಲ್ಲಿ ಇಂದು ಸಂಕ್ರಾಂತಿಯ ಗುರುತೇ ಆಗಿರುವ ಶೇಂಗಾ ಹೋಳಿಗೆ, ಈ ಲೆಕ್ಕದಲ್ಲಿ, ಎಳ್ಳುಹೋಳಿಗೆಯ ಕಿರಿಯ ತಂಗಿ. ಸಕ್ಕರೆ ಅಚ್ಚು ಕೂಡ ಬಿಳಿಸಕ್ಕರೆ ಸುಲಭವಾಗಿ ದೊರೆಯತೊಡಗಿದ ಮೇಲೆ ಮನೆಮನೆಗೆ ಬಂದುದು. ಕೃಷ್ಣರಾಜಸಾಗರದ ಕಾಮಗಾರಿ 1911ರಲ್ಲಿ ಆರಂಭವಾಯಿತು. ಅದರ ನಾಲೆಯ ನೀರು ಮಂಡ್ಯ ಸೀಮೆಯನ್ನು ಕಬ್ಬಿನ ನಾಡಾಗಿ ಮಾಡಿತು. 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಎಳ್ಳಿನ ತಟ್ಟೆಯ ಕಬ್ಬಿನ ತುಂಡು, ಆಲೆಮನೆಯ ಬೆಲ್ಲ, ಸಕ್ಕರೆಯ ಅಚ್ಚು ಇವು ಮೂರೂ ಒಂದೇ ಸಸ್ಯದ ಮೂರು ಕಾಲಘಟ್ಟಗಳು. ಪರಂಪರೆಯೆಂಬುದು ಬದಲಾಗದೆ ಉಳಿದ ವಸ್ತುವಲ್ಲ, ಸೇರಿಸಿಕೊಳ್ಳುವ ಕ್ರಮ ಎಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.

ಎಳ್ಳಿನ ಸ್ಥಾನ ಮಾತ್ರ ಪ್ರಾಚೀನವಾದುದು. ಶಾಸನಗಳಲ್ಲಿ ಎಳ್ಳು ಮುಖ್ಯವಾಗಿ ಎಣ್ಣೆಯ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಗಾಣದೆರೆ ಒಂದು ಪ್ರಮುಖ ಆದಾಯವಾಗಿತ್ತು. ತೆಲ್ಲಿಗರೈವತ್ತೊಕ್ಕಲೆಂಬ ಗಾಣಿಗರ ಸಂಘ ದೇಗುಲಗಳ ನಂದಾದೀವಿಗೆಗೆ ಎಣ್ಣೆಯನ್ನು ಬಿಡುತ್ತಿತ್ತು. ಧರ್ಮಶಾಸ್ತ್ರದ ತಿಲದಾನ, ಚಳಿಗಾಲದಲ್ಲಿ ದೇಹಕ್ಕೆ ಬೇಕಾದ ಜಿಡ್ಡು, ಗಾಣದ ಸಮೃದ್ಧಿ, ಇವೆಲ್ಲ ಎಳ್ಳಿನಲ್ಲಿ ಕೂಡಿವೆ. ದಾನವಾಗಿದ್ದುದು ನೆರೆಹೊರೆಯವರಲ್ಲಿ ಪರಸ್ಪರ ಬೀರುವ ಸ್ನೇಹದ ಪದಾರ್ಥವಾದುದು ಗಮನಾರ್ಹ ಪರಿವರ್ತನೆ. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಿರೆಂಬ ನಮ್ಮ ಮಾತಿಗೂ ತಿಳಗುಳ ಕೊಟ್ಟು ಮರಾಠಿಗರು ಆಡುವ ಮಾತಿಗೂ ಅರ್ಥ ಒಂದೇ.

ಈಗ ಉತ್ತರದ ಎಲೆ. ವಿಜಯಪುರ, ಬಾಗಲಕೋಟೆ, ಧಾರವಾಡ, ಕಲಬುರಗಿ ಸೀಮೆಗಳಲ್ಲಿ ಸಂಕ್ರಾಂತಿಯ ಹಿಂದಿನ ದಿನ ಭೋಗಿ. ಅಂದು ಎಳ್ಳು ಹಚ್ಚಿ ಬಡಿದ ಸಜ್ಜೆರೊಟ್ಟಿ, ಬದನೆಯ ಎಣ್ಣೆಗಾಯಿ, ಹಸಿ ಕಡಲೆ, ಅವರೆ, ಗಜ್ಜರಿಗಳನ್ನು ಕೂಡಿಸಿದ ಪಲ್ಯ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಗಟ್ಟಿ ಮೊಸರು. ಸಂಕ್ರಮಣದ ದಿನ ಹೊಳೆಯಲ್ಲಿ ಮಿಂದು, ಬುತ್ತಿ ಬಿಚ್ಚಿ ದಂಡೆಯಲ್ಲಿಯೇ ಉಣ್ಣುವ ರೂಢಿ. ಮಾದಲಿ, ಹೋಳಿಗೆ, ಕುಸುರೆಳ್ಳು. ಇಲ್ಲಿನ ಮುಖ್ಯ ಬೆಳೆಯಾದ ಹಿಂಗಾರಿ ಜೋಳ ಆಗಿನ್ನೂ ಹೊಲದಲ್ಲಿ ನಿಂತಿರುತ್ತದೆ. ಅದರ ಸುಗ್ಗಿ ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ. ಆದುದರಿಂದ ಈ ಊಟ ಜೋಳದ ಸುಗ್ಗಿಯದಲ್ಲ. ಮುಂಗಾರಿನ ಸಜ್ಜೆ ಮನೆ ಸೇರಿ, ಹಿಂಗಾರಿನ ಹಸಿಕಾಳು ಕೈಗೆಟಕುವ ನಡುಗಾಲದ ಊಟ. ನಿಂತ ಪೈರಿಗೆ ಸಲ್ಲುವ ಗೌರವ ಇದಕ್ಕೆ ಕೆಲವು ದಿನ ಮೊದಲೇ, ಎಳ್ಳಮಾವಾಸ್ಯೆಯ ದಿನ, ಹೊಲದಲ್ಲಿ ಚರಗ ಚೆಲ್ಲುವುದರ ಮೂಲಕ ಸಂದಿರುತ್ತದೆ. ಅಂದು ಅಡುಗೆಯನ್ನೆಲ್ಲ ಹೊತ್ತು ಹೊಲಕ್ಕೆ ಹೋಗಿ, ಮೊದಲ ತುತ್ತನ್ನು ಭೂಮಿಗೆ ಚೆಲ್ಲಿ, ಅನಂತರ ಬಂಧುಬಳಗದೊಡನೆ ಉಣ್ಣುವುದು ವಾಡಿಕೆ. ಭೋಗಿಯ ಈ ಊಟ ಮಹಾರಾಷ್ಟ್ರದ ಸಜ್ಜೆಯ ಭಾಕರಿ ಮತ್ತು ಭೋಗಿಯ ಭಾಜಿಗಳೊಡನೆ ಒಂದೇ ಬಳ್ಳಿಯದು. 1956ರ ರಾಜ್ಯ ಪುನರ್ವಿಂಗಡಣೆ ಆಡಳಿತದ ಗಡಿಯನ್ನು ಎಳೆಯಿತು. ಕರಿಮಣ್ಣಿನ ಊಟಕ್ಕೆ ಆ ಗಡಿ ಅನ್ವಯಿಸಲಿಲ್ಲ. ಪುಣೆ, ಸೊಲ್ಲಾಪುರಗಳ ಕನ್ನಡಿಗರಿಗೆ ಇದು ಅನುಭವವೇದ್ಯ.

ಎಲೆಯ ಮೇಲಿರುವುದನ್ನು ಹೇಳಿದಂತೆ ಇಲ್ಲದಿರುವುದನ್ನೂ ಹೇಳಬೇಕು. ಹಳೆಯ ಮೈಸೂರಿನ ಒಣಭೂಮಿಯ ನಿಜವಾದ ಸುಗ್ಗಿ ರಾಗಿಯದು. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿಗಳನ್ನು ಅಕ್ಕಡಿಯಾಗಿ ಬಿತ್ತುವ ಕ್ರಮವನ್ನು 1800-01ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ವಿವರವಾಗಿ ದಾಖಲಿಸಿದ್ದಾನೆ. ಕೊಯ್ದ ರಾಗಿಯನ್ನು ಮೆದೆ ಹಾಕಿ, ಸಂಕ್ರಾಂತಿಯ ಆಸುಪಾಸಿನಲ್ಲಿ ಕಣ ಮಾಡಿ, ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಹೀಗಿದ್ದರೂ ಹಬ್ಬದ ಮಡಕೆಯಲ್ಲಿ ಬೇಯುವುದು ಅಕ್ಕಿ. ಸುಗ್ಗಿಯ ಧಾನ್ಯ ಒಂದು, ಹಬ್ಬದ ಧಾನ್ಯ ಮತ್ತೊಂದು. ರಾಗಿಯ ಸಂಗಾತಿಯಾದ ಅವರೆಗೆ ಎಲೆಯಲ್ಲಿ ಜಾಗ ಸಿಕ್ಕಿತು, ರಾಗಿಗೆ ಸಿಗಲಿಲ್ಲ. ಈ ತಾರತಮ್ಯವನ್ನು 16ನೆಯ ಶತಮಾನದಲ್ಲಿಯೇ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ವಿಚಾರಣೆಗೊಡ್ಡಿದರು. ಅಲ್ಲಿ ನೆಲ್ಲು ಮತ್ತು ನರೆದಲೆಗ ತಮ್ಮಲ್ಲಿ ಯಾರು ಶ್ರೇಷ್ಠರೆಂದು ವಾದಿಸುತ್ತವೆ. ಆರು ತಿಂಗಳ ಸೆರೆಯ ಬಳಿಕ ಕೆಡದೆ ಉಳಿದ ನರೆದಲೆಗನಿಗೆ ರಾಮನ ಹೆಸರು ದೊರೆಯುತ್ತದೆ. ಬರಗಾಲದಲ್ಲಿ ಬಡವರನ್ನು ಕಾಯುವವರು ಯಾರೆಂಬುದೇ ಆ ವಾದದ ತಿರುಳು. ಕಾವ್ಯದಲ್ಲಿ ರಾಗಿ ಗೆದ್ದಿತು. ಹಬ್ಬದ ಅಡುಗೆಮನೆಯಲ್ಲಿ ಅಕ್ಕಿಯ ಆಳ್ವಿಕೆ ಮುಂದುವರಿಯಿತು.

ಕನಕದಾಸರ ಪ್ರಶ್ನೆ ಕೇವಲ ಕವಿಕಲ್ಪನೆಯಲ್ಲವೆಂಬುದಕ್ಕೆ ಧಾತು-ಈಶ್ವರ ಸಂವತ್ಸರಗಳ ಬರ ಸಾಕ್ಷಿ. 1876-78ರ ಆ ಬರದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿತು. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು. ಸುಗ್ಗಿಯೂಟವೆಂಬುದು ಸಮೃದ್ಧಿಯ ಪ್ರದರ್ಶನವೆಂದು ಮಾತ್ರ ತಿಳಿಯುವವರು ಈ ಅಂಕಿಗಳನ್ನು ಮರೆಯಬಾರದು. ಮಳೆ ಕೈಕೊಟ್ಟ ವರ್ಷ ಹಗೇವಿನ ಧಾನ್ಯವೇ ಬದುಕು. ಅದು ಬರಿದಾದರೆ ಹಬ್ಬವೂ ಇಲ್ಲ, ಉಣ್ಣುವವರೂ ಇಲ್ಲ. ಉಕ್ಕುವ ಮಡಕೆಗೆ ಕೈಮುಗಿಯುವುದರ ಹಿಂದೆ ಉಕ್ಕದ ವರ್ಷಗಳ ನೆನಪಿದೆ.

ಸಮೃದ್ಧಿಯ ವರ್ಷಗಳಲ್ಲಿಯೂ ಊಟ ಎಲ್ಲರಿಗೂ ಸಮನಾಗಿರಲಿಲ್ಲ. ಕಣದಲ್ಲಿ ರಾಶಿ ಪೂಜೆ ಆದ ಮೇಲೆ ಬಡಗಿ, ಕಮ್ಮಾರ, ಕುಂಬಾರ, ಅಗಸ, ನೀರಗಂಟಿ, ತೋಟಿ ಮೊದಲಾದ ಆಯಗಾರರಿಗೆ ಅವರವರ ಪಾಲು ಅಳೆಯಲ್ಪಡುತ್ತಿತ್ತು. ಈ ಏರ್ಪಾಡಿನಲ್ಲಿ ಪರಸ್ಪರಾವಲಂಬನವೂ ಇತ್ತು, ಜಾತಿಯ ಶ್ರೇಣಿಯೂ ಇತ್ತು. ಪಾಲು ಹಕ್ಕಾಗಿ ಬರುತ್ತಿತ್ತು. ಆದರೆ ಎಲೆ ಒಂದೇ ಪಂಕ್ತಿಯಲ್ಲಿ ಬೀಳುತ್ತಿರಲಿಲ್ಲ. ಗೇಣಿದಾರನಿಗೆ ಹೊಸ ಅಕ್ಕಿಯ ಸಂತೋಷದ ಜೊತೆಯಲ್ಲಿಯೇ ಧಣಿಯ ಗೇಣಿ ಅಳೆಯುವ ಚಿಂತೆಯಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ, 1974ರ ಭೂಸುಧಾರಣಾ ತಿದ್ದುಪಡಿಗಳು ಈ ಸಂಬಂಧಗಳನ್ನು ಬದಲಿಸಿದುವು. ಹಬ್ಬದೂಟದ ಇತಿಹಾಸ ಬರೆಯುವವರು ಪಾಕದ ಜೊತೆಗೆ ಪಂಕ್ತಿಯನ್ನೂ ಬರೆಯಬೇಕಾಗುತ್ತದೆ. ಮನುಷ್ಯರಿಗಷ್ಟೇ ಅಲ್ಲ, ದುಡಿದ ಎತ್ತುಗಳಿಗೂ ಅಂದು ಪಾಲಿತ್ತು ಎಂಬುದನ್ನೂ ಸೇರಿಸಬೇಕು. ಮೈಸೂರು, ಮಂಡ್ಯ, ಚಾಮರಾಜನಗರಗಳ ಹಳ್ಳಿಗಳಲ್ಲಿ ಸಂಜೆ ದನಗಳಿಗೆ ಕಿಚ್ಚು ಹಾಯಿಸುವ ಮುನ್ನ ಅವುಗಳ ಮೈತೊಳೆದು, ಸಿಂಗರಿಸಿ, ಹಬ್ಬದ ಅಡುಗೆಯನ್ನು ತಿನ್ನಿಸುವ ಪದ್ಧತಿ ಇದೆ.

ನಾಡಿನಿಂದ ಹೊರಗೆ ನೆಲಸಿದ ಕನ್ನಡಿಗರಿಗೆ ಈ ಚರ್ಚೆಯಿಂದ ಏನು ಪ್ರಯೋಜನವೆಂಬ ಪ್ರಶ್ನೆ ಏಳಬಹುದು. ಹೊರನಾಡಿನಲ್ಲಿ ಹೊಲವೂ ಇಲ್ಲ, ಕಣವೂ ಇಲ್ಲ, ಉಳಿಯುವುದು ಎಲೆಯೊಂದೇ. ಅಂಗಡಿಯಿಂದ ತಂದ ಅಕ್ಕಿಯಲ್ಲಿ ಹೊಸದು, ಹಳೆಯದೆಂಬ ಭೇದ ತಿಳಿಯದು. ಎಳ್ಳುಬೆಲ್ಲದ ಪೊಟ್ಟಣವೇ ಸಿದ್ಧವಾಗಿ ದೊರೆಯುತ್ತದೆ. ಇಂತಹ ಸ್ಥಿತಿಯಲ್ಲಿ ಸೀಮೆ ಸೀಮೆಯ ವೈವಿಧ್ಯ ಕರಗಿ, ಯಾವುದೋ ಒಂದು ಅಡುಗೆ 'ಕರ್ನಾಟಕದ ಸಂಕ್ರಾಂತಿ'ಯೆಂಬ ಹೆಸರು ಪಡೆಯುವ ಅಪಾಯವಿದೆ. ಹುಗ್ಗಿಯೆಂಬ ಹಳೆಯ ಹೆಸರನ್ನು ಮಕ್ಕಳು ಪೊಂಗಲ್ ಎಂದೇ ಕಲಿಯುತ್ತಿದ್ದಾರೆ. ಪೊಂಗಲ್ ಒಳ್ಳೆಯ ಮಾತೇ, ನೆರೆಯವರ ಮಾತೇ. ಆದರೆ ಹೆಸರು ಹೋದರೆ ಅದರೊಡನೆ ಅದರ ಭೂಗೋಳವೂ ಹೋಗುತ್ತದೆ. ಗೋದಿ ಹುಗ್ಗಿಗೂ ಅಕ್ಕಿ ಹುಗ್ಗಿಗೂ ಇರುವ ನಂಟು ಕಡಿಯುತ್ತದೆ. ಭಾರತದ ಪ್ರಸ್ತಾವದ ಮೇಲೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಸಜ್ಜೆ, ರಾಗಿ, ಕೊರಲೆಗಳು ಇಂದು ನಗರದ ಮಳಿಗೆಗಳಿಗೆ ಆರೋಗ್ಯದ ಆಹಾರವಾಗಿ ಮರಳಿವೆ. ಭೋಗಿಯ ಸಜ್ಜೆರೊಟ್ಟಿಯನ್ನು ಬಿಡದೆ ಬಡಿಯುತ್ತ ಬಂದ ಮನೆಗಳಿಗೆ ಅವು ಎಂದೂ ಹೊರಗೆ ಹೋಗಿರಲಿಲ್ಲ.

ಆದುದರಿಂದ ನಮ್ಮ ಓದುಗರಲ್ಲಿ ಒಂದು ವಿನಂತಿ. ಮನೆಯ ಹಿರಿಯರು ಸಂಕ್ರಾಂತಿಯಂದು ಮಾಡುವ ಅಡುಗೆಯನ್ನು ಬರೆದಿಡುವಾಗ ಪಾಕದ ಅಳತೆಯೊಂದನ್ನೇ ಬರೆಯಬೇಡಿ. ಆ ಅಡುಗೆಗೆ ಅವರು ಹೇಳುವ ಹೆಸರು, ಅದು ಯಾವ ಊರಿನದು, ಅಲ್ಲಿ ಆಗ ಹೊಲದಲ್ಲಿ ಯಾವ ಪೈರು ನಿಂತಿರುತ್ತಿತ್ತು, ಮೊದಲ ತುತ್ತು ಯಾರಿಗೆ ಸಲ್ಲುತ್ತಿತ್ತು, ಯಾರು ಒಳಗೆ ಉಂಡರು, ಯಾರು ಹೊರಗೆ ಉಂಡರು ಎಂಬುದನ್ನೂ ಬರೆಯಿರಿ. ಶಾಸನಗಳು ಸಂಕ್ರಮಣದ ದಾನವನ್ನು ಬರೆದಿಟ್ಟುವು, ಊಟವನ್ನು ಬಿಟ್ಟುವು. ಬಿಟ್ಟುಹೋದ ಆ ಭಾಗವನ್ನು ತುಂಬುವ ಅವಕಾಶ ಇನ್ನೂ ಕೆಲವು ವರ್ಷ ನಮಗಿದೆ.